ಡಬ್ಬಿಯೊಳಗೆ ಒಂದು ಹಳೇ ಕಂಪ್ಯೂಟರ್

ನಮ್ಮ ದೊಡ್ಡಪ್ಪನ ಮಗನದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ ಎಲ್ಲ ಅಲ್ಲೇ ಆಗುತ್ತದೆ. ಇಪ್ಪತ್ತು ವರ್ಷದ ಕೆಲಸ ಪೂರ್ತಿ ಪುಟ ವಿನ್ಯಾಸದ ಹಳೇ ತಂತ್ರಾಂಶ ಪೇಜ್‌ಮೇಕರ್‌ನ ಫೈಲ್‌ಗಳಲ್ಲಿದೆ. ಅಕ್ಷರವೆಲ್ಲ ನುಡಿ ಫಾಂಟಿನ ಹಳೇ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರ ಕೂರಿಸಿದ ಪದ್ಧತಿ. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಗೊತ್ತೇ ಇಲ್ಲ. ಅದು ಓಡುತ್ತಿದ್ದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಈ ವರ್ಷ ಕಣ್ಣು ಮುಚ್ಚಿತು.

ನಾನು ಅವರ ಹೊಸ ಲಿನಕ್ಸ್ ಯಂತ್ರದಲ್ಲಿ ಒಂದು ಡಾಕರ್ ಕಂಟೇನರ್ (ತಂತ್ರಾಂಶವನ್ನು ಉಳಿದದ್ದರಿಂದ ಬೇರೆಯಾಗಿ ಓಡಿಸುವ ಡಬ್ಬಿ) ಮಾಡಿ, ಅದರೊಳಗೆ ಕ್ಯೂಎಮು (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಮಷೀನನ್ನು, ನಡೆಸುವ ತಂತ್ರಾಂಶ) ಹಾಕಿ, ಕ್ಯೂಎಮುವಿನೊಳಗೆ ಎಕ್ಸ್‌ಪಿ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ‘ನೇರವಾಗಿ ವರ್ಚುವಲ್ ಮಷೀನ್ ಹಾಕಬಹುದಿತ್ತಲ್ಲ, ಮಧ್ಯೆ ಕಂಟೇನರ್ ಯಾಕೆ?’ ಎಂದು ಇಬ್ಬರು ಗೆಳೆಯರು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಕಾರಣ ಇದು: ಕ್ಯೂಎಮುವಿನ ಯಾವ ಆವೃತ್ತಿ, ಯಾವ ಪೋರ್ಟ್, ಎಷ್ಟು ಮೆಮೊರಿ, ಎಲ್ಲವೂ ಒಂದೇ ಕಂಪೋಸ್ ಫೈಲ್‌ನಲ್ಲಿ (ಡಾಕರ್ ಓದುವ ಸೆಟ್ಟಿಂಗ್ ಪಟ್ಟಿ) ಇರುತ್ತದೆ. ನಾಳೆ ಈ ಯಂತ್ರವೂ ಕೆಟ್ಟರೆ ಆ ಫೈಲು, ಡಿಸ್ಕ್ ಇಮೇಜು (ಒಳಗಿನ ಯಂತ್ರದ ಹಾರ್ಡ್ ಡಿಸ್ಕ್ ಆಗಿರುವ ಫೈಲು) ಎರಡನ್ನೂ ಇನ್ನೊಂದಕ್ಕೆ ಒಯ್ದರೆ ಸಾಕು. ನಾನು ಊರಲ್ಲಿ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಇದನ್ನು ಮಾಡಲು ಹೊರಟಾಗ ಸಿಗುವ ಸಲಹೆ ಹೆಚ್ಚಾಗಿ ಒಂದೇ: ಕಂಟೇನರನ್ನು ಪ್ರಿವಿಲೇಜ್ಡ್ ಮಾಡಿ ಓಡಿಸಿ, ಎಲ್ಲ ಸರಿಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅತಿಥಿಗೆ ಒಂದು ಕೋಣೆ ಬೇಕು ಅಂದರೆ ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟ ಹಾಗೆ ಅದು. ನಿಜಕ್ಕೂ ಬೇಕಾಗಿದ್ದು ಕೆವಿಎಂ ಡಿವೈಸ್ ಒಂದೇ, ವರ್ಚುವಲ್ ಮಷೀನ್ ವೇಗವಾಗಿ ಓಡಲು ಪ್ರೊಸೆಸರ್‌ನ ನೆರವು ಕೊಡಿಸುವುದು ಅದು. ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್‌ನ (ಲಿನಕ್ಸ್‌ನ ತಿರುಳು) ಒಳಗೇ ಇದೆ, ಕಂಟೇನರ್‌ಗಳೆಲ್ಲ ಹೋಸ್ಟ್‌ನ (ಹೊರಗಿನ ನಿಜವಾದ ಯಂತ್ರದ) ಅದೇ ಕರ್ನಲ್ ಬಳಸುತ್ತವೆ. ಹಾಗಾಗಿ ಆ ಡಿವೈಸ್ ಫೈಲನ್ನು ಒಳಗೆ ಕಾಣಿಸಿದರೆ ಆಯಿತು. ‘ಪರ್ಮಿಷನ್ ಡಿನೈಡ್’ ಬಂದರೆ ಮೊದಲು ಗ್ರೂಪ್ ನಂಬರ್ ನೋಡಿ. ಹೋಸ್ಟ್‌ನಲ್ಲಿ ಕೆವಿಎಂ ಗ್ರೂಪಿಗೆ ಒಂದು ನಂಬರ್, ಕಂಟೇನರ್ ಒಳಗೆ ಇನ್ನೊಂದು ಇರುತ್ತದೆ. ಜನ ಬೇಸತ್ತು ಪ್ರಿವಿಲೇಜ್ಡ್ ಕಡೆ ಹೋಗುವುದು ಬಹಳ ಸಲ ಇಲ್ಲೇ. ಹೋಸ್ಟ್‌ನ ನಂಬರನ್ನೇ ಕಂಟೇನರ್‌ಗೆ ಹೆಚ್ಚುವರಿ ಗ್ರೂಪ್ ಆಗಿ ಕೊಟ್ಟರೆ ಮುಗಿಯಿತು.

ನೆಟ್‌ವರ್ಕ್ ವಿಷಯಕ್ಕೆ ಟ್ಯಾಪ್, ಬ್ರಿಡ್ಜ್ ಎಂಬ ಜೋಡಣೆ ಯಾವುದೂ ನನಗೆ ಬೇಕಾಗಲಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2014ರ ಏಪ್ರಿಲ್‌ನಲ್ಲಿ. ಅದು ಇಂಟರ್ನೆಟ್ ನೋಡಲೇಬಾರದು. ಕ್ಯೂಎಮುವಿನ ಯೂಸರ್ ಮೋಡ್ ನೆಟ್‌ವರ್ಕ್‌ನಲ್ಲಿ ರಿಸ್ಟ್ರಿಕ್ಟ್ ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಒಳಗಿನ ಯಂತ್ರ ತಾನಾಗಿ ಹೊರಗೆ ಹೋಗಲಾರದು. ನೆಟ್‌ವರ್ಕ್ ಕಾರ್ಡ್ ಆರ್‌ಟಿಎಲ್8139, ಡಿಸ್ಕ್ ಐಡಿಇ. ವರ್ಚುವಲ್ ಮಷೀನ್‌ಗೆಂದೇ ಮಾಡಿದ ವರ್ಟಿಯೋ ಡಿಸ್ಕ್, ಕಾರ್ಡ್‌ಗಳ ವೇಗ ಜಾಸ್ತಿ, ನಿಜ. ಆದರೆ ಎಕ್ಸ್‌ಪಿಯ ಜೊತೆಗೆ ಅದರ ಡ್ರೈವರ್ ಬರುವುದಿಲ್ಲ, ಲಗ್ನಪತ್ರಿಕೆಗೆ ಆ ವೇಗವೂ ಬೇಡ. ಪರದೆ ನೋಡಲು ವಿಎನ್‌ಸಿ. ಮೌಸ್ ಬಾಣ ಒಂದು ಕಡೆ, ಕ್ಲಿಕ್ ಇನ್ನೊಂದು ಕಡೆ ಬೀಳುತ್ತಿದ್ದರೆ ಯುಎಸ್‌ಬಿ ಟ್ಯಾಬ್ಲೆಟ್ ಡಿವೈಸ್ ಸೇರಿಸಿ, ಸರಿಹೋಗುತ್ತದೆ. ಇನ್ನೊಂದು ಮಾತು. ಡಾಕರ್‌ನಲ್ಲಿ ಪೋರ್ಟ್ ಸುಮ್ನೆ ತೆರೆದರೆ ಅದು ಎಲ್ಲ ವಿಳಾಸಕ್ಕೂ ತೆರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದರೂ ದಾಟಿಬಿಡುತ್ತದೆ. ಪೋರ್ಟ್ ನಂಬರಿನ ಮುಂದೆ 127.0.0.1 (ಈ ಯಂತ್ರದೊಳಗಿಂದ ಮಾತ್ರ ಸಿಗುವ ವಿಳಾಸ) ಬರೆಯುವುದನ್ನು ಮರೆಯಬೇಡಿ.

ಮೆಮೊರಿಯಲ್ಲಿ ನಾನು ತಪ್ಪು ಮಾಡಿದೆ. ಎಕ್ಸ್‌ಪಿಗೆ 512 ಎಂಬಿ, ಕಂಟೇನರ್ ಮಿತಿಯೂ 512 ಎಂಬಿ. ಎರಡು ದಿನ ಚೆನ್ನಾಗಿ ಓಡಿತು. ಮೂರನೇ ದಿನ ದೊಡ್ಡ ಸಂಚಿಕೆಯ ಫೈಲ್ ತೆರೆದ ಕೂಡಲೇ ಎಲ್ಲವೂ ಮಾಯ. ಎಕ್ಸಿಟ್ ಕೋಡ್ 137, ಅಂದರೆ ಬಲವಂತವಾಗಿ ಕೊಲ್ಲಲಾಗಿದೆ. ಒಳಗಿನ ಯಂತ್ರ ತನ್ನ ಮೆಮೊರಿಯನ್ನು ಮೊದಲೇ ಪೂರ್ತಿ ಮುಟ್ಟುವುದಿಲ್ಲ, ಬೇಕಾದಂತೆ ಮುಟ್ಟುತ್ತಾ ಹೋಗುತ್ತದೆ. ಅದರ ಮೇಲೆ ಕ್ಯೂಎಮುವಿಗೂ ಸ್ವಂತ ಮೆಮೊರಿ ಬೇಕು. ಮಿತಿ ದಾಟಿದ ಕ್ಷಣ ಕರ್ನಲ್ ಅದನ್ನು ಕೊಲ್ಲುತ್ತದೆ. ಈಗ ಮಿತಿ 1 ಜಿಬಿ. ಅನೇಕ ಯಂತ್ರಗಳಲ್ಲಿ ಕಂಟೇನರ್ ನಡೆಸುವ ಕುಬರ್ನೆಟಿಸ್ ಮೇಲೆ ಇದೇ ಕೆಲಸ ಮಾಡುವ ಕ್ಯೂಬ್‌ವರ್ಟ್ ಈ ಹೆಚ್ಚುವರಿ ಲೆಕ್ಕವನ್ನು ತಾನೇ ಹಾಕಿಕೊಳ್ಳುತ್ತದೆ. ಕೈಯಲ್ಲಿ ಮಾಡುವಾಗ ನಾವೇ ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನಿಲ್ಲಿಸುವ ರೀತಿ. ಇದನ್ನು ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ. ಕಂಟೇನರ್ ಅಂದರೆ ಯಾವಾಗ ಬೇಕಾದರೂ ಕೊಂದು ಮತ್ತೆ ಹುಟ್ಟಿಸಬಹುದು ಎಂಬ ನಂಬಿಕೆಯ ಮೇಲೆ ಬಳಸುವಂಥದ್ದು. ವರ್ಚುವಲ್ ಮಷೀನ್ ಹಾಗಲ್ಲ. ಅದರೊಳಗೆ ಅರ್ಧ ಬರೆದ ಫೈಲ್ ಇರುತ್ತದೆ, ಡಿಸ್ಕಿಗೆ ಇನ್ನೂ ಹೋಗದ ಅಕ್ಷರ ಇರುತ್ತದೆ. ಡಾಕರ್‌ಗೆ ಸ್ಟಾಪ್ ಎಂದರೆ ಅದು ಟರ್ಮ್ ಸಿಗ್ನಲ್ (ಮುಗಿಸು ಎಂಬ ಸೂಚನೆ) ಕಳಿಸುತ್ತದೆ. ಅದು ಸಿಕ್ಕ ಕೂಡಲೇ ಕ್ಯೂಎಮು ಎಕ್ಸ್‌ಪಿಗೆ ಒಂದು ಮಾತೂ ಹೇಳದೆ ಹೊರಟುಹೋಗುತ್ತದೆ. ಒಳಗಿನವನ ಪಾಲಿಗೆ ಕರೆಂಟ್ ಹೋದಂತೆ. ಹೀಗೆ ಒಂದು ಸಂಜೆ ಹದಿನಾರು ಪುಟದ ಸಂಚಿಕೆ ಕೆಟ್ಟಿತು. ಅಣ್ಣ ಒಂದು ಮಾತೂ ಆಡದೆ ರಾತ್ರಿ ಕೂತು ಮತ್ತೆ ಟೈಪ್ ಮಾಡಿದ. ಅದು ನನಗೆ ಬೈದಿದ್ದಕ್ಕಿಂತ ಜಾಸ್ತಿ ನೋವಾಯಿತು.

ಈಗ ಕ್ಯೂಎಮುವಿಗಿಂತ ಮೊದಲು ಒಂದು ಚಿಕ್ಕ ಸ್ಕ್ರಿಪ್ಟ್ ಓಡುತ್ತದೆ. ಸಿಗ್ನಲ್ ಬಂದರೆ ಅದು ಹಿಡಿದುಕೊಂಡು, ಕ್ಯೂಎಮುವಿನ ಮಾನಿಟರ್‌ಗೆ (ಪರದೆಯಲ್ಲ, ಆಜ್ಞೆ ಕೊಡುವ ಜಾಗ) ಪವರ್‌ಡೌನ್ ಎಂದು ಹೇಳಿ, ಎಕ್ಸ್‌ಪಿ ತಾನಾಗಿ ಮಲಗುವವರೆಗೆ ಕಾಯುತ್ತದೆ. ಡಾಕರ್ ಸಾಮಾನ್ಯವಾಗಿ ಕಾಯುವುದು 10 ಸೆಕೆಂಡ್ ಮಾತ್ರ, ಅದನ್ನು 2 ನಿಮಿಷ ಮಾಡಿದ್ದೇನೆ. ಕೆಲಸದ ಫೈಲ್‌ಗಳಿಗೆ ಬೇರೆಯೇ ಡಿಸ್ಕ್ ಇಮೇಜ್. ಎರಡೂ ಇಮೇಜ್‌ಗಳು ಕಂಟೇನರ್ ಒಳಗಿಲ್ಲ, ಹೊರಗಿನ ವಾಲ್ಯೂಮ್‌ನಲ್ಲಿ, ಅಂದರೆ ಹೋಸ್ಟ್‌ನ ಡಿಸ್ಕಿನಲ್ಲಿವೆ. ಒಳಗಿದ್ದರೆ ಕಂಟೇನರ್ ಅಳಿಸಿದ ದಿನ ಇಪ್ಪತ್ತು ವರ್ಷವೂ ಅಳಿಸಿಹೋಗುತ್ತದೆ ಅಲ್ವಾ.

ಸ್ಕ್ರಿಪ್ಟು, ಕಂಪೋಸ್ ಫೈಲು ಎರಡೂ ಬೇಕಾದವರು ಕಾಮೆಂಟ್‌ನಲ್ಲಿ ಹೇಳಿ, ಕಳಿಸುತ್ತೇನೆ. ಹಳೇ ನುಡಿ ಫೈಲ್‌ಗಳನ್ನು ಇಟ್ಟುಕೊಂಡು ಕೂತಿರುವ ಪ್ರೆಸ್‌ನವರು ನಿಮಗೆ ಗೊತ್ತಿದ್ದರೆ ಅವರಿಗೂ ತಿಳಿಸಿ. ಅವರ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿರುವಾಗಲೇ ಈ ಕೆಲಸ ಮಾಡುವುದು ಸುಲಭ.