ನಮ್ಮ ವಠಾರದಲ್ಲಿ ಜಾಗ ಇಲ್ಲ

ಭಾನುವಾರ ಬೆಳಿಗ್ಗೆ ಎರಡನೇ ದೋಸೆ ತಟ್ಟೆಗೆ ಬೀಳುವ ಹೊತ್ತಿಗೆ ಅಣ್ಣನ ಫೋನ್ ಬಂತು. ಮಗನ ಮದುವೆ ನಿಶ್ಚಯವಾಗಿದೆಯಂತೆ.

"ಕಾರ್ಡು ನೀನೇ ಮಾಡ್ಬೇಕು. ತಂಗಿ ಮದುವೇಗೆ ಮಾಡಿದ್ಯಲ್ಲ, ಅದೇ ಇರ್ಲಿ. ಅದು ಕೈಗುಣ ಚೆನ್ನಾಗಿರೋ ಕಾರ್ಡು. ಹೆಸರು ಬದಲಾಯಿಸಿದ್ರೆ ಆಯ್ತು, ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷದ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ಗಡಿಯಾರ ನೋಡುವುದಿಲ್ಲ, ಕ್ಯಾಲೆಂಡರ್ ನೋಡುತ್ತೇನೆ.

ತಂಗಿಯ ಮದುವೆ ಆಗಿದ್ದು 2004ರಲ್ಲಿ, ಅರಸೀಕೆರೆಯಲ್ಲಿ. ಈಗಿನ ಮದುಮಗ ಆಗ ಏಳು ವರ್ಷದ ಹುಡುಗ. ಛತ್ರದಲ್ಲಿ ಪಾನಕದ ಹಂಡೆಗೆ ಯಾರದೋ ಚಪ್ಪಲಿ ಹಾಕಿ ಓಡಿದವನು ಅವನೇ. ಕಾರ್ಡನ್ನು ನಾನು ಪೇಜ್‌ಮೇಕರ್ 7 ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ, ನುಡಿ ಎಂಬ ಕನ್ನಡ ಫಾಂಟಿನಲ್ಲಿ ಕೂಡಿಸಿದ್ದೆ. ಆಗ ಅದು ನಮ್ಮ ಮನೆತನದಲ್ಲಿ ದೊಡ್ಡ ವಿದ್ಯೆ. ಆ ಫೈಲ್ ಇವತ್ತಿಗೂ ನನ್ನ ಹತ್ತಿರ ಇದೆ. ಆದರೆ ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆಯುವ ಹಾಗಿಲ್ಲ. ನನ್ನ ಹೊಸ ವಿಂಡೋಸ್ ಮೇಲೆ ಆ ಹಳೇ ಪೇಜ್‌ಮೇಕರ್ ಓಡಿಸಲು ನನ್ನ ಕೈಲಿ ಆಗಲಿಲ್ಲ. ಅಕ್ಷರವನ್ನಷ್ಟೇ ಎತ್ತಿ ಬೇರೆ ಕಡೆ ಹಾಕೋಣ ಎಂದರೆ ಆ ಕಾಲದ ನುಡಿ ಈಗಿನ ಹಾಗೆ ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ 'ನ' ಇರಬೇಕಾದಲ್ಲಿ ಪೌಂಡ್ ಚಿಹ್ನೆ ಕಾಣುತ್ತದೆ. ಪಕ್ಕದಲ್ಲಿ ತಲೆ ಮೇಲೆ ಗೀಟು ಎಳೆಸಿಕೊಂಡ ಇಂಗ್ಲಿಷ್ 'ಎ'. ಅದನ್ನೇ ಅಚ್ಚು ಹಾಕಿಸಿದರೆ ಹುಡುಗನಿಗೆ ಲಂಡನ್ನಿನಲ್ಲಿ ಕೆಲಸ ಎಂದು ಊರವರು ತಿಳಿದುಕೊಂಡಾರು.

ಅದಕ್ಕೇ ನಾನು ಲ್ಯಾಪ್‌ಟಾಪಿನ ಒಳಗೆ ಇನ್ನೊಂದು ಕಂಪ್ಯೂಟರ್ ಸಾಕಿಕೊಂಡಿದ್ದೇನೆ. ವರ್ಚುವಲ್ ಮಷೀನ್. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದ ಹೊಟ್ಟೆಯಲ್ಲಿ ವಿಂಡೋಸ್ ಎಕ್ಸ್‌ಪಿ ಇನ್ನೂ ಹಸಿರು ಗುಡ್ಡ, ನೀಲಿ ಆಕಾಶ ಇಟ್ಟುಕೊಂಡು ಕೂತಿದೆ. ಅದಕ್ಕೆ ತಯಾರಕರ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ಹಾಗಾಗಿ ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ವಯಸ್ಸಾದವರನ್ನು ಸಂಜೆ ಹೊತ್ತು ಒಬ್ಬರೇ ಹೊರಗೆ ಕಳಿಸುವುದಿಲ್ಲವಲ್ಲ, ಹಾಗೆ.

ಈ ವ್ಯವಸ್ಥೆ ಗೊತ್ತಿಲ್ಲದವರಿಗೆ ನಾನು ವಠಾರದ ಉದಾಹರಣೆ ಕೊಡುತ್ತೇನೆ. ಮನೆ ಒಂದೇ, ಸಂಸಾರ ನಾಲ್ಕು. ಪ್ರತಿ ಸಂಸಾರಕ್ಕೂ ಇದು ತನ್ನದೇ ಮನೆ ಎಂಬ ಭಾವನೆ. ನೀರಿನ ತೊಟ್ಟಿ ಮಾತ್ರ ಎಲ್ಲರಿಗೂ ಒಂದೇ. ಇದು ಹೊಸ ಉಪಾಯವೇನಲ್ಲ. ಐಬಿಎಂನವರು 1972ರಲ್ಲೇ ವಿಎಂ/370 ಎಂಬುದನ್ನು ತಂದಿದ್ದರು. ಕೋಣೆ ತುಂಬುವ ಒಂದು ದೊಡ್ಡ ಯಂತ್ರಕ್ಕೆ ಹತ್ತಾರು ಜನ ಕೂತು, ಪ್ರತಿಯೊಬ್ಬರೂ ಇದು ನನಗೊಬ್ಬನಿಗೇ ಎಂದುಕೊಂಡು ಕೆಲಸ ಮಾಡುತ್ತಿದ್ದರು. ಅವರ ಹತ್ತಿರ ಕೋಣೆಯಾದರೂ ಇತ್ತು. ನನ್ನ ಹತ್ತಿರ ಇರುವುದು 256 ಜಿಬಿಯ ಲ್ಯಾಪ್‌ಟಾಪ್. ಅದನ್ನೂ ವಿಂಡೋಸ್ ತನ್ನ ಲೆಕ್ಕದಲ್ಲಿ 238 ಎಂದು ತೋರಿಸುತ್ತದೆ. ಅಂಗಡಿಯವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ಇದು 1024ರ ಲೆಕ್ಕದಲ್ಲಿ ಎಣಿಸುತ್ತದೆ. ಕಾರಣ ಗೊತ್ತಿದ್ದರೂ ಪ್ರತಿ ಸಲ 18 ಜಿಬಿ ಯಾರೋ ಎತ್ತಿಕೊಂಡು ಹೋದ ಹಾಗೇ ಅನಿಸುತ್ತದೆ.

ನನ್ನ ವಠಾರದಲ್ಲಿ ಎಕ್ಸ್‌ಪಿ ಅಜ್ಜ ಅಲ್ಲದೆ ಇನ್ನಿಬ್ಬರು. ಒಂದು, ಆಫೀಸಿನ ಕೆಲಸ ಪರೀಕ್ಷೆ ಮಾಡಲು ಇಟ್ಟ ವಿಂಡೋಸ್ 10. ಅದಕ್ಕೆ 80 ಜಿಬಿವರೆಗೂ ಬೆಳೆಯಬಹುದು ಎಂದು ಉದಾರವಾಗಿ ಬರೆದುಕೊಟ್ಟಿದ್ದೆ. ಇನ್ನೊಂದು ಉಬುಂಟು, ಅಂದರೆ ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್‌ನ ಒಂದು ಬಗೆ. ಈ ವರ್ಷ ಲಿನಕ್ಸ್ ಕಲಿತೇ ತೀರುತ್ತೇನೆ ಎಂದು ಒಂದು ಯುಗಾದಿಗೆ ಹಾಕಿದ್ದು. ಮೂರು ಸಲ ತೆರೆದಿದ್ದೇನೆ. ಮೂರನೇ ಸಲ ತೆರೆದಿದ್ದು ಪಾಸ್‌ವರ್ಡ್ ನೆನಪಿದೆಯಾ ಎಂದು ನೋಡಲು. ಇರಲಿಲ್ಲ.

ಸರಿ, ದೋಸೆ ಮುಗಿಸಿ ಬಂದು ಎಕ್ಸ್‌ಪಿ ಅಜ್ಜನನ್ನು ಎಬ್ಬಿಸಿದೆ. ಕಣ್ಣು ಬಿಟ್ಟ, ಹಾಗೇ ನಿಂತುಬಿಟ್ಟ. ಹೊರಗಿನ, ಅಂದರೆ ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಜಾಗ ಇಲ್ಲ, ಆದ್ದರಿಂದ ನಿಲ್ಲಿಸಿದ್ದೇನೆ ಎಂಬ ಅರ್ಥದ ಸಂದೇಶ. ಹೋಗಿ ಸಿ ಡ್ರೈವ್ ನೋಡಿದರೆ ಅದರ ಪಟ್ಟಿ ಕುಂಕುಮದಷ್ಟು ಕೆಂಪು.

ಮೊದಲ ಕೆಲಸ ಎಲ್ಲರೂ ಮಾಡುವಂಥದ್ದೇ. ರೀಸೈಕಲ್ ಬಿನ್ ಖಾಲಿ ಮಾಡಿದೆ. ಡೌನ್‌ಲೋಡ್ ಫೋಲ್ಡರ್ ಜಾಲಾಡಿದೆ. ಒಂದೇ ಕರೆಂಟ್ ಬಿಲ್ಲನ್ನು ಏಳು ಸಲ ಇಳಿಸಿಕೊಂಡಿದ್ದೆ. ಹಳೇ ವಿಡಿಯೋಗಳು ಹೋದವು. ಎಲ್ಲಾ ಸೇರಿ 11 ಜಿಬಿ ಬಿಡುವಾಯಿತು. ಅಜ್ಜನಿಗೆ ಅಷ್ಟು ಸಾಕಾಗಿತ್ತು. ಆಗಲೇ ಕಾರ್ಡು ಮುಗಿಸಿ ಕಾಫಿ ಕುಡಿಯಬಹುದಿತ್ತು. ಆದರೆ ಶುಚಿ ಮಾಡುವ ಹುಚ್ಚು ಹತ್ತಿದರೆ ಪೊರಕೆ ಕೆಳಗಿಡುವುದು ಕಷ್ಟ. ವಿಂಡೋಸ್ 10ರ ಡಿಸ್ಕ್ ಫೈಲ್, ಅಂದರೆ ಅದರ ಇಡೀ ಮನೆಯನ್ನು ಹೊರಗೆ ಹಿಡಿದಿಟ್ಟಿರುವ ಫೈಲ್, ಒಂದೇ 54 ಜಿಬಿ ತಿಂದು ಕೂತಿದ್ದು ಕಣ್ಣಿಗೆ ಬಿತ್ತು.

ಅದರ ಒಳಗೆ ಹೋದೆ. ಹಳೇ ಪರೀಕ್ಷೆಯ ಸರಕು, ಇನ್‌ಸ್ಟಾಲರ್‌ಗಳು, ಲಾಗ್ ಫೈಲ್‌ಗಳು. ಅಳಿಸುತ್ತಾ ಹೋದೆ. ಅಷ್ಟರಲ್ಲಿ ಅಲ್ಲಿನ ರೀಸೈಕಲ್ ಬಿನ್ ಕಂಡಿತು. ವಠಾರದ ಪ್ರತಿ ಮನೆಗೂ ಅದರದೇ ಕಸದ ಬುಟ್ಟಿ ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಅದರಲ್ಲೇ 14 ಜಿಬಿ. ಒಟ್ಟು 30 ಜಿಬಿ ಅಳಿಸಿ, ಮೀಸೆ ತಿರುವಿಕೊಂಡು ಹೊರಗೆ ಬಂದು ನೋಡಿದೆ.

ಫೈಲ್ 54 ಜಿಬಿ. ಒಂದು ಕೂದಲೂ ಕೊಂಕಿರಲಿಲ್ಲ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ ಎಂಬ ಗಾದೆಯನ್ನು ಮಾಡಿದವರು ಬೆಳೆಯುವ ವರ್ಚುವಲ್ ಡಿಸ್ಕ್ ನೋಡಿಯೇ ಮಾಡಿರಬೇಕು. ಒಳಗಿನ ಸಂಸಾರ ಕೇಳಿದ ಹಾಗೆಲ್ಲಾ ಅದು ಹೊರಗಿನಿಂದ ಜಾಗ ತೆಗೆದುಕೊಳ್ಳುತ್ತದೆ. ತಾನಾಗಿ ವಾಪಸ್ ಕೊಡುವುದಿಲ್ಲ. ಕಾರಣ ಇದೆ. ಫೈಲ್ ಅಳಿಸಿದೆ ಎಂದರೆ ಒಳಗಿನ ವಿಂಡೋಸ್ ತನ್ನ ಪಟ್ಟಿಯಲ್ಲಿ ಹೆಸರನ್ನು ಹೊಡೆದು ಹಾಕುತ್ತದೆ ಅಷ್ಟೇ. ಸಾಮಾನು ಕೋಣೆಯಲ್ಲೇ ಬಿದ್ದಿರುತ್ತದೆ. ಹೊರಗಿನಿಂದ ಕಿಟಕಿಯಲ್ಲಿ ಇಣುಕುವ ಓನರ್‌ಗೆ ಇದು ಬೇಕಾದ ಸಾಮಾನೋ ಬೇಡವಾದದ್ದೋ ಗೊತ್ತಾಗುವುದು ಹೇಗೆ? ಅದಕ್ಕೆ ಖಾಲಿ ಜಾಗವನ್ನೆಲ್ಲ ಸೊನ್ನೆಯಿಂದ ತುಂಬಬೇಕು. ಆಮೇಲೆ ಹೊರಗೆ ಬಂದು ಕಾಂಪ್ಯಾಕ್ಟ್ ಎಂಬ ಆಜ್ಞೆ ಕೊಟ್ಟರೆ ಸೊನ್ನೆ ಇರುವ ಕಡೆಯೆಲ್ಲಾ ಹಿಂಡಿ ಫೈಲನ್ನು ಸಣ್ಣದು ಮಾಡುತ್ತದೆ.

ಸೊನ್ನೆ ತುಂಬಲು ವಿಂಡೋಸ್‌ನಲ್ಲಿ ಎಸ್‌ಡಿಲೀಟ್ ಎಂಬ ಪುಟ್ಟ ಸಾಧನ ಇದೆ. ಅದರ ಮುಂದೆ ಒಂದು ಅಕ್ಷರ ಬರೆಯಬೇಕು. ಝಡ್ ಎಂದು ಬರೆದರೆ ಸೊನ್ನೆ ತುಂಬುತ್ತದೆ. ಸಿ ಎಂದು ಬರೆದರೆ, ಅಳಿಸಿದ ಫೈಲನ್ನು ಯಾರೂ ಮತ್ತೆ ಎತ್ತದಂತೆ, ಖಾಲಿ ಜಾಗಕ್ಕೆ ಅರ್ಥವಿಲ್ಲದ ಗೀಚುಬರಹ ತುಂಬುತ್ತದೆ. ಕ್ಲೀನ್ ಮಾಡುವುದು ಎಂದರೆ ಸಿ ಇರಬೇಕು, ಅಲ್ವಾ? ನಾನು ಸಿ ಒತ್ತಿದೆ. ಅದು ನಿಧಾನವಾಗಿ ಶುರು ಮಾಡಿತು. ರಾತ್ರಿ ಆಗಿತ್ತು. ಬೆಳಿಗ್ಗೆ ಎದ್ದು ನೋಡೋಣ ಎಂದು ಮಲಗಿದೆ. ನೆಮ್ಮದಿಯ ನಿದ್ದೆ ಬಂತು ಎಂಬುದನ್ನು ಇಲ್ಲಿ ಹೇಳಬೇಕು.

ಬೆಳಿಗ್ಗೆ ಫೈಲ್ 65 ಜಿಬಿ ಆಗಿತ್ತು. ಸಿ ಡ್ರೈವ್‌ನಲ್ಲಿ ಉಳಿದಿದ್ದು ಸೊನ್ನೆ. ಅಂತೂ ಸೊನ್ನೆ ತುಂಬಿದ್ದೆ, ಜಾಗ ಮಾತ್ರ ಬೇರೆ.

ಆಗಿದ್ದು ಇಷ್ಟು. ಒಳಗಿನವನಿಗೆ ತನ್ನದು 80 ಜಿಬಿ ಮನೆ ಎಂಬ ನಂಬಿಕೆ. ಅವನು ಆ ಅಳತೆಗೆ ಗೀಚುತ್ತಾ ಹೋಗಿದ್ದಾನೆ. ಹೊರಗೆ ನಾನು ಬೆವರು ಸುರಿಸಿ ಉಳಿಸಿದ್ದ 11 ಜಿಬಿಯನ್ನು ಒಂದು ರಾತ್ರಿಯಲ್ಲಿ ನುಂಗಿ, ಇನ್ನೂ ಬೇಕು ಎಂದು ಬಾಯಿ ತೆರೆದುಕೊಂಡು ನಿಂತಿದ್ದಾನೆ. ಜಾಗ ಸೊನ್ನೆ ಆದ ಕಂಪ್ಯೂಟರಿನ ಪಾಡು ನೋಡಲಾಗದು. ಬರೆದಿದ್ದು ಸೇವ್ ಆಗುತ್ತಿಲ್ಲ, ಮೌಸು ಎಳೆದರೆ ಬಾಣ ಯೋಚನೆ ಮಾಡಿ ಬರುತ್ತದೆ.

ಅಜ್ಜನ ಡಿಸ್ಕ್ ಫೈಲನ್ನಾದರೂ ಪೆನ್‌ಡ್ರೈವಿಗೆ ಸಾಗಿಸೋಣ ಎಂದುಕೊಂಡೆ. ಫೈಲ್ 9 ಜಿಬಿ, ಪೆನ್‌ಡ್ರೈವಿನಲ್ಲಿ 29 ಜಿಬಿ ಖಾಲಿ. ಆದರೂ ಫೈಲ್ ತುಂಬಾ ದೊಡ್ಡದು, ಹಿಡಿಸುವುದಿಲ್ಲ ಎಂದಿತು. ಆ ಪೆನ್‌ಡ್ರೈವ್ ಫೈಲುಗಳನ್ನು ಜೋಡಿಸಿಡುವುದು ಫ್ಯಾಟ್32 ಎಂಬ ಪದ್ಧತಿಯಲ್ಲಿ. ಆ ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ದೊಡ್ಡ ಕಲ್ಯಾಣ ಮಂಟಪ, ಬಾಗಿಲು ಮಾತ್ರ ಬಚ್ಚಲಮನೆಯದು.

"ಕಾರ್ಡು ಆಯ್ತಾ?" ಅಣ್ಣನ ಮೆಸೇಜು. ಆಗ್ತಾ ಇದೆ ಎಂದು ಬರೆದೆ. ಇದು ಸುಳ್ಳಲ್ಲ, ಏನೋ ಒಂದು ಆಗುತ್ತಾ ಇತ್ತು.

ಉಬುಂಟುವನ್ನು ಬಲಿ ಕೊಡುವುದು ಎಂದು ತೀರ್ಮಾನಿಸಿದೆ. ರಿಮೂವ್ ಒತ್ತಿದಾಗ ಅದು ಒಂದು ಪ್ರಶ್ನೆ ಕೇಳಿತು. ಪಟ್ಟಿಯಿಂದ ಮಾತ್ರ ತೆಗೆಯಬೇಕೋ, ಫೈಲುಗಳನ್ನೂ ಅಳಿಸಬೇಕೋ? ಆ ಪ್ರಶ್ನೆ ಓದುತ್ತಿದ್ದ ಹಾಗೆ ಹೊಟ್ಟೆಯಲ್ಲಿ ಏನೋ ಹೊರಳಿತು. ಎರಡು ವರ್ಷದ ಹಿಂದೆ ಇನ್ನೊಂದು ಮಷೀನ್ ತೆಗೆದಿದ್ದೆ. ಆಗ ಯಾವುದನ್ನು ಒತ್ತಿದ್ದೆ? ಫೋಲ್ಡರ್ ತೆರೆದು ನೋಡಿದೆ. ಅಲ್ಲೇ ಇದ್ದ ಮಹಾನುಭಾವ. 18 ಜಿಬಿ, ಹಾಯಾಗಿ ಕಾಲು ಚಾಚಿಕೊಂಡು. ಬಾಡಿಗೆ ಪುಸ್ತಕದಲ್ಲಿ ಹೆಸರು ಹೊಡೆದಿದ್ದೆ, ಮನೆ ಖಾಲಿ ಮಾಡಿಸಿರಲಿಲ್ಲ. ಅವನನ್ನು ಕಳಿಸಿದೆ. ಉಬುಂಟುವಿಗೆ ಜೀವದಾನ ಸಿಕ್ಕಿತು. ಬರುವ ಯುಗಾದಿಗೆ ನೋಡೋಣ.

ಇನ್ನು ಸ್ನ್ಯಾಪ್‌ಶಾಟ್‌ಗಳು. ಎಕ್ಸ್‌ಪಿ ಅಜ್ಜನಿಗೆ ಏನಾದರೂ ಆದರೆ ಎಂದು ಆಗಾಗ ಅವನ ಸ್ಥಿತಿಯನ್ನು ಹಿಡಿದಿಟ್ಟಿದ್ದೆ. 'ಹೊಸದು', 'ಕೊನೇದು', 'ನಿಜವಾಗ್ಲೂ ಕೊನೇದು' ಎಂದು ಮೂರು ಹೆಸರು. ಅಳಿಸಲು ಭಯ. ಅಳಿಸಿದರೆ ಆಮೇಲೆ ಮಾಡಿದ ಕೆಲಸವೆಲ್ಲ ಹೋಗುತ್ತದೆ ಎಂದು ವರ್ಷಗಟ್ಟಲೆ ಮುಟ್ಟಿರಲಿಲ್ಲ. ವಿಷಯ ಗೊತ್ತಿರುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಕಿರಾಣಿ ಅಂಗಡಿಯ ಲೆಕ್ಕ ಹೇಳಿದ. ಮೂಲ ಡಿಸ್ಕ್ ಎಂದರೆ ದೊಡ್ಡ ಲೆಕ್ಕದ ಪುಸ್ತಕ. ಸ್ನ್ಯಾಪ್‌ಶಾಟ್ ಹಿಡಿದ ಕ್ಷಣದಿಂದ ಪುಸ್ತಕ ಮುಟ್ಟುವುದಿಲ್ಲ, ಹೊಸ ಬದಲಾವಣೆಯನ್ನೆಲ್ಲ ಚೀಟಿಯಲ್ಲಿ ಬರೆಯುತ್ತದೆ. ಸ್ನ್ಯಾಪ್‌ಶಾಟ್ ಅಳಿಸುವುದು ಎಂದರೆ ಚೀಟಿಯಲ್ಲಿ ಇದ್ದದ್ದನ್ನು ಪುಸ್ತಕಕ್ಕೆ ಏರಿಸಿ ಚೀಟಿ ಹರಿಯುವುದು. ಇವತ್ತಿನ ಕೆಲಸ ಎಲ್ಲೂ ಹೋಗುವುದಿಲ್ಲ, ಹಿಂದಕ್ಕೆ ಹೋಗುವ ದಾರಿ ಮಾತ್ರ ಮುಚ್ಚುತ್ತದೆ. "ಫೋಲ್ಡರಿಗೆ ಹೋಗಿ ಚೀಟಿ ಫೈಲನ್ನ ನೀನೇ ಅಳಿಸಿಬಿಟ್ಟೀಯ, ಹುಷಾರು. ಆಮೇಲೆ ಚೀಟೀಲಿ ಬರೆದಿದ್ದೆಲ್ಲ ಹೋಗುತ್ತೆ" ಎಂದು ಸೇರಿಸಿದ. ನನ್ನ ಸ್ವಭಾವ ಅವನಿಗೆ ಗೊತ್ತು. ನನ್ನ ಬೆರಳು ಆಗಲೇ ಡಿಲೀಟ್ ಕೀ ಮೇಲಿತ್ತು.

ಏರಿಸುವ ಕೆಲಸಕ್ಕೂ ಒಂದಿಷ್ಟು ಜಾಗ ಬೇಕು. ಜಾಗ ಮಾಡಲು ಜಾಗ. ಪುಣ್ಯಕ್ಕೆ ಆ 18 ಜಿಬಿ ಇತ್ತು. ಒಂದೊಂದಾಗಿ ಮೂರೂ ಚೀಟಿ ಹರಿದೆ.

ಆಮೇಲೆ ವಿಂಡೋಸ್ 10ರ ಒಳಗೆ ಮತ್ತೆ ಎಸ್‌ಡಿಲೀಟ್. ಈ ಸಲ ಝಡ್. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಹಾಲು ಉಕ್ಕೀತು ಎಂದು ಕಾಯುವವನ ಹಾಗೆ ಕೂತೆ. ಮುಗಿದ ಮೇಲೆ ಮಷೀನನ್ನು ಪೂರ್ತಿ ಆರಿಸಿ ಕಾಂಪ್ಯಾಕ್ಟ್ ಆಜ್ಞೆ ಕೊಟ್ಟೆ. ಹತ್ತು ಪರ್ಸೆಂಟ್, ಇಪ್ಪತ್ತು ಪರ್ಸೆಂಟ್. ಹೆಂಡತಿ ಬಂದು ಭುಜದ ಮೇಲಿನಿಂದ ನೋಡಿದಳು. "ಏನಿದು?" "ಜಾಗ ಖಾಲಿ ಮಾಡ್ತಾ ಇದೀನಿ." "ಎರಡು ದಿನದಿಂದ ಇದೇ ಕುರ್ಚೀಲಿ ಇದೀರಿ, ಎಲ್ಲಿ ಜಾಗ ಖಾಲಿ ಮಾಡಿದ್ರಿ?" ಎಂದು ಹೋದಳು.

65 ಜಿಬಿ ಇದ್ದ ಫೈಲ್ 23ಕ್ಕೆ ಇಳಿಯಿತು. ಸಿ ಡ್ರೈವಿನ ಪಟ್ಟಿ ಕೆಂಪಿನಿಂದ ನೀಲಿಗೆ ತಿರುಗಿತು. ನಾನು ಆ ನೀಲಿ ಪಟ್ಟಿಯ ಫೋಟೋ ತೆಗೆದುಕೊಂಡೆ. ನಂಬಿ, ಇಂಥ ಫೋಟೋ ನನ್ನ ಮೊಬೈಲಿನಲ್ಲಿ ಒಂದೇ ಅಲ್ಲ.

ಇಷ್ಟೆಲ್ಲ ಆಗಿದ್ದು ಯಾವ ಫೈಲಿಗಾಗಿ? ಅಜ್ಜನನ್ನು ಎಬ್ಬಿಸಿ ನೋಡಿದರೆ ತಂಗಿಯ ಮದುವೆ ಕಾರ್ಡು ಒಂದು ಎಂಬಿಯೂ ಇರಲಿಲ್ಲ. ಐಬಿಎಂನವರ ಮೊಟ್ಟಮೊದಲ ಹಾರ್ಡ್ ಡಿಸ್ಕ್ 1956ರಲ್ಲಿ ಬಂತು. ಹೆಸರು ರಾಮ್ಯಾಕ್. ಎರಡು ಅಡಿ ಅಗಲದ 50 ತಟ್ಟೆ, ಒಂದು ಟನ್ನಿಗೂ ಜಾಸ್ತಿ ಭಾರ, ಹಿಡಿಸುತ್ತಿದ್ದದ್ದು ಸುಮಾರು 5 ಎಂಬಿ. ನಮ್ಮ ವಂಶದ ಐದು ಮದುವೆ ಅದರಲ್ಲಿ ಆರಾಮಾಗಿ ಮುಗಿಯುತ್ತಿತ್ತು. ನನಗೆ 256 ಜಿಬಿಯಲ್ಲಿ ಒಂದು ಮದುವೆ ಮಾಡಲು ಎರಡು ದಿನ ಬೇಕಾಯಿತು.

ಕಾರ್ಡಿನ ಕೆಲಸ ಮಾತ್ರ ಅಣ್ಣ ಹೇಳಿದ ಹಾಗೆ ಹತ್ತೇ ನಿಮಿಷ. ವಧು, ವರ, ಮುಹೂರ್ತ, ಛತ್ರ, ಸುಖಾಗಮನ ಬಯಸುವವರು. ಎಲ್ಲಾ ಬದಲಾಯಿಸಿದೆ, ಪಿಡಿಎಫ್ ಮಾಡಿದೆ, ಅಣ್ಣನಿಗೆ ಕಳಿಸಿದೆ. ಅಣ್ಣ ಕನ್ನಡಕ ಹಾಕಿಕೊಳ್ಳದೆ ನೋಡಿ ಹೆಬ್ಬೆರಳು ಎತ್ತಿದ. ಆರುನೂರು ಕಾರ್ಡು ಅಚ್ಚಾಗಿ, ಅರಿಶಿನ ಹಚ್ಚಿಸಿಕೊಂಡು ಊರಿಗೆಲ್ಲಾ ಹಂಚಿಹೋದವು.

ಮುಂದಿನ ವಾರ ತಂಗಿಯ ಫೋನು.

"ಅಣ್ಣಾ, ಕಾರ್ಡು ಕೈಲಿದೆ. ಕೆಳಗಡೆ ಮೂಲೇಲಿ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿದ್ಯಾ?"

ನೋಡಿರಲಿಲ್ಲ. ಅವತ್ತು, 2004ರಲ್ಲಿ, ಮನೆಯ ಚಿಕ್ಕ ಮಕ್ಕಳ ಬಾಯಲ್ಲಿ ಒಂದು ಸಾಲು ಹಾಕುವುದು ಫ್ಯಾಷನ್ ಆಗಿತ್ತು. ನಾನೇ ಹಾಕಿದ್ದೆ. 54 ಜಿಬಿಯ ಮೂಲೆಮೂಲೆ ಗುಡಿಸಿದವನು ಆ ಒಂದು ಸಾಲನ್ನು ಗುಡಿಸಿರಲಿಲ್ಲ. ತಂಗಿ ಗಟ್ಟಿಯಾಗಿ ಓದಿದಳು.

"'ನಮ್ಮ ಅತ್ತೆ ಮದ್ವೆಗೆ ಎಲ್ಲಾರೂ ತಪ್ದೆ ಬನ್ನಿ. ಇಂತಿ, ಪುಟ್ಟ.'"

ನಾನು ಮಾತಾಡಲಿಲ್ಲ. ಪುಟ್ಟ ಎಂದರೆ ಮದುಮಗ.

"ನಮ್ಮನೆಯವ್ರು ಬೆಳಿಗ್ಗೆಯಿಂದ ಕೇಳ್ತಾ ಇದಾರೆ" ಎಂದಳು, "ಗಂಡು ಯಾರು ಅಂತ."