ಟೋನ್ ಬೆರಳಲ್ಲಿದೆ ಅನ್ನೋರು ಮೊದಲು ಪೆಡಲ್‌ಬೋರ್ಡ್ ಕೆಳಗಿಡಿ

ಬೆರಳಲ್ಲಿರುತ್ತಂತೆ ಗಿಟಾರಿನ ಟೋನು, ಅಂದ್ರೆ ನಾದದ ಗುಣ. ಆಯ್ತು ಸ್ವಾಮಿ, ಒಪ್ಪಿದೆ. ಹಾಗಾದ್ರೆ ಸದ್ದು ಬದಲಾಯಿಸೋ ಪೆಡಲ್‌ಗಳನ್ನ ಜೋಡಿಸಿರೋ, ಇಬ್ಬರು ಹೊರೋ ಆ ಪೆಡಲ್‌ಬೋರ್ಡ್ ಇಲ್ಲೇ ಬಿಟ್ಟು ಬರೀ ಬೆರಳು ತಗೊಂಡು ಶೋಗೆ ಹೋಗಿ, ನಾನೂ ನೋಡ್ತೀನಿ.

ಕೈ ಇನ್ನೂ ನಡುಗ್ತಿದೆ, ಅಕ್ಷರ ತಪ್ಪಿದ್ರೆ ಹೊಂದಿಸ್ಕೊಂಡು ಓದಿ. ಯಾರು, ಎಲ್ಲಿ, ಮಾತು ಹೇಗೆ ಶುರುವಾಯ್ತು ಅಂತೆಲ್ಲ ಬಿಡಿಸಿ ಹೇಳೋ ಸಮಾಧಾನ ನನಗಿಲ್ಲ. ಅಲ್ಲಿದ್ದೋರಿಗೆ ಗೊತ್ತು. ನಿಮ್ಮಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ ಅನ್ನೋದು ನನಗೂ ಗೊತ್ತು.

"ಗೋಡೆ ಕಡೆ ತಿರುಗ್ಕೊ ಮಗಾ. ಎರಡು ಗಿಟಾರ್ ನುಡಿಸ್ತೀನಿ, ನಿನ್ನದು ಯಾವುದು ಹೇಳು ಸಾಕು" ಅಂದ್ರು ಹಿರಿಯಣ್ಣ.

ನಗ್ತಾನೇ ತಿರುಗಿದೆ ನಾನು. ನನ್ನ ಗಿಟಾರ್ ನನಗೆ ಗೊತ್ತಾಗಲ್ವಾ? ಅದರ ಹೊಟ್ಟೆಯೊಳಗಿನ ಒಂದೊಂದು ವೈರೂ ನಾನೇ ಸೋಲ್ಡರ್ ಮಾಡಿದ್ದು. ತಂತಿಯ ಕಂಪನ ಹಿಡಿದು ಸಿಗ್ನಲ್ ಮಾಡೋ ಪಿಕಪ್ ಮೂರೂ ತೆಗೆದು ಆಲ್ನಿಕೊ 5 ಅಯಸ್ಕಾಂತದವು ಹಾಕಿದ್ದೀನಿ. ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿರೋ 250 ಕಿಲೋಓಮ್ ಪಾಟ್‌ಗಳನ್ನ ಮಲ್ಟಿಮೀಟರ್ ಹಿಡಿದು ಅಳೆದು ಆರಿಸಿದ್ದೀನಿ, ಯಾಕಂದ್ರೆ ಮೈಮೇಲೆ 250 ಅಂತ ಅಚ್ಚಾಗಿದ್ರೂ ಶೇಕಡಾ 20 ಆಚೀಚೆ ಇರೋದು ಮಾಮೂಲು. 200 ಇರೋದೂ ಸಿಗುತ್ತೆ, 300 ಇರೋದೂ ಸಿಗುತ್ತೆ, ಹೆಸರು ಮಾತ್ರ ಒಂದೇ. ಒಂದು ಟ್ರೆಬಲ್ ನುಂಗುತ್ತೆ, ಇನ್ನೊಂದು ಬಿಟ್ಟುಕೊಡುತ್ತೆ. ಪಾಟಿನ ಬೆನ್ನಿಗೆ ಗ್ರೌಂಡ್ ವೈರ್ ಅಂಟಿಸೋದು ಅಂದ್ರೆ ಏನು ಅಂತ ನಕ್ಕವರಲ್ಲಿ ಯಾರಿಗಾದ್ರೂ ಗೊತ್ತಾ? ಆ ಲೋಹದ ಡಬ್ಬಿ ಇರೋ ಶಾಖವನ್ನೆಲ್ಲ ಹೀರ್ಕೊಳ್ಳುತ್ತೆ. ಸೋಲ್ಡರ್ ಹಿಡಿಯೋದೇ ಇಲ್ಲ, ಗುಂಡಗೆ ಮಣಿಯಾಗಿ ಉರುಳಿ ಹೋಗುತ್ತೆ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಕು, ಫ್ಲಕ್ಸ್ ಹಚ್ಚಬೇಕು, ಐರನ್ ಒತ್ತಿ ಹಿಡೀಬೇಕು. ಒಂಚೂರು ಹೆಚ್ಚು ಹೊತ್ತು ಹಿಡಿದ್ರೆ ಒಳಗಿನ ಕಾರ್ಬನ್ ಪಟ್ಟಿ ಸುಟ್ಟು ಪಾಟೇ ಕಸದ ಬುಟ್ಟಿಗೆ. ಇಷ್ಟೆಲ್ಲ ಮಾಡಿದವನು ನಾನು. ಬ್ರಿಡ್ಜ್ ಕೆಳಗೆ ತಂತಿಗಳ ಬುಡ ಹಿಡಿಯೋ ಟ್ರೆಮೊಲೊ ಬ್ಲಾಕ್ ಉಕ್ಕಿನದು. ಕತ್ತಿನ ತುದಿಯಲ್ಲಿ ತಂತಿ ಕೂರೋ ನಟ್ ಮೂಳೆಯದು. ಒಳಗೆ ಪೂರ್ತಿ ತಾಮ್ರದ ಹಾಳೆ.

ಆ ತಾಮ್ರದ ಹಾಳೇನೇ ನನ್ನ ಬ್ರಹ್ಮಾಸ್ತ್ರ ಅಂದ್ಕೊಂಡಿದ್ದೆ. ಎರಡೂ ಸಿಂಗಲ್ ಕಾಯಿಲ್ ಗಿಟಾರೇ, ಅಂದ್ರೆ ಪಿಕಪ್‌ಗೆ ಒಂದೇ ವೈರ್ ಸುರುಳಿ, ಎರಡೂ ಒಂದಿಷ್ಟು ಗಲಾಟೆ ಮಾಡ್ತವೆ. ತಾಮ್ರ ಹೊದಿಸಿದ್ರೂ ಮೇನ್ಸ್ ಕರೆಂಟಿನ ಆ ಮಂದ್ರದ ಗುಂಯ್ ಹೋಗಲ್ಲ, ಅದು ಕಾಂತಕ್ಷೇತ್ರದ ಕಾಟ, ತಾಮ್ರದ ಹಾಳೆಗೆ ಬಗ್ಗಲ್ಲ. ಆದ್ರೆ ಅದರ ಮೇಲೆ ಕೂತಿರೋ ಚರಚರ ಇದೆಯಲ್ಲ, ಲೈಟು, ಡಿಮ್ಮರು, ಚಾರ್ಜರುಗಳದ್ದು, ಅದು ಗಣನೀಯವಾಗಿ ಕಮ್ಮಿಯಾಗುತ್ತೆ. ಅಂದ್ರೆ ಜಾಕ್ ಚುಚ್ಚಿದ ತಕ್ಷಣ, ಒಂದು ತಂತಿಯನ್ನೂ ಮುಟ್ಟೋ ಮುಂಚೆ, ಯಾವುದು ನನ್ನದು ಅಂತ ಗೊತ್ತಾಗ್ಬೇಕಿತ್ತು.

ಜಾಕ್ ಚುಚ್ಚಿದ್ದು ಕೇಳಿಸ್ತು. ಆಮೇಲೆ ಏನೂ ಇಲ್ಲ, ಪೂರ್ತಿ ನಿಶ್ಶಬ್ದ. ಯಾಕೆ ಹೇಳಿ? ನುಡಿಸದಿದ್ದಾಗ ಗಲಾಟೆ ಮುಚ್ಚಿಹಾಕೋ ನಾಯ್ಸ್ ಗೇಟ್ ಪೆಡಲ್ ಆನ್ ಇತ್ತು! ಟೋನ್ ಹೋಲಿಕೆ ಮಾಡೋರು ಗೇಟ್ ಹಾಕ್ಕೊಂಡು ಕೂತಿದ್ರು!

ಆಗಲೇ ನಾನು "ನಿಲ್ಸಿ" ಅನ್ಬೇಕಿತ್ತು. ಅನ್ನಲಿಲ್ಲ, ಯಾಕಂದ್ರೆ ಅಂದ್ರೆ ಹೆದರಿದ ಅಂತಾರೆ. ನನ್ನ ಮೂಗಿನ ಮುಂದೆ ಒಂದು ಸ್ವಿಚ್‌ಬೋರ್ಡು, ಅದರ ಒಂದು ಸ್ಕ್ರೂ ಅರ್ಧ ಹೊರಗೆ. ಅದನ್ನೇ ನೋಡ್ತಾ ನಿಂತೆ. ಮೊದಲನೇ ಗಿಟಾರ್: ಒಂದು ಓಪನ್ ಜಿ ಕಾರ್ಡ್, ಆಮೇಲೆ ಮೇಲಿನ ಫ್ರೆಟ್‌ಗಳಲ್ಲಿ ಒಂದು ಸಣ್ಣ ಲಿಕ್, ಅಂದ್ರೆ ನಾಲ್ಕಾರು ಸ್ವರದ ತುಣುಕು. ಕುರ್ಚಿ ಕಿರ್ ಅಂತು. ಎರಡನೇದು: ಅದೇ ಕಾರ್ಡ್, ಅದೇ ಲಿಕ್. ಹಿಂದೆ ಯಾರೋ ಕೆಮ್ಮಿದ್ರು.

"ಎರಡನೇದು" ಅಂದೆ.

ಅಷ್ಟಕ್ಕೇ ಬಾಯಿ ಮುಚ್ಚಿದ್ರೆ ಇವತ್ತು ಈ ಬರಹ ಇರ್ತಿರಲಿಲ್ಲ. ಮುಚ್ಚಲಿಲ್ಲ. ಗೋಡೆ ನೋಡ್ಕೊಂಡೇ ಬೆರಳೆತ್ತಿ ಪಾಠ ಶುರು ಮಾಡಿದೆ. "ಕೇಳಿ, ಆ ಗಂಟೆ ಥರದ ನಾದ ಕೇಳಿಸ್ತಾ? ಅದು ಆಲ್ನಿಕೊ. ಆ ಕೊನೇ ಸ್ವರ ನಿಂತಿದ್ದು ನೋಡಿ, ಅದು ಉಕ್ಕಿನ ಬ್ಲಾಕ್. ಮೊದಲನೇದರಲ್ಲಿ ಅದು ಇಲ್ಲ, ಅದು ಸತ್ತಂಗಿದೆ." ಸತ್ತಂಗಿದೆ! ಇದೇ ಪದ. ನಾನೇ ಅಂದಿದ್ದು. ಡ್ರಮ್ಮರ್ ಮೂಗಲ್ಲಿ ನಕ್ಕ, ಅದು ನಗುವಿನ ಸದ್ದು ಅಂತ ನನಗೆ ಆಗಲೂ ಹೊಳೀಲಿಲ್ಲ, ಇನ್ನೊಂದೆರಡು ಮಾತು ಸೇರಿಸ್ದೆ. ಓಪನ್ ತಂತಿ ಮೂಳೆ ನಟ್ ಮೇಲೆ ಎಷ್ಟು ಸ್ಪಷ್ಟ ನೋಡಿ ಅಂತ.

ಆಗ ಆ ಹುಡುಗ, ಹೊಸದಾಗಿ ಕಲಿಯೋಕೆ ಬರ್ತಿರೋನು, ಮೊನ್ನೆ ಮೊನ್ನೆ ಗಿಟಾರ್ ತಗೊಂಡಿರೋನು, ತುಂಬಾ ಮೆಲ್ಲಗೆ ಅಂದ. "ಅಣ್ಣಾ, ಅದು ನಂದು."

ಬೈದಿದ್ರೆ ತಡ್ಕೋತಿದ್ದೆ. ಅವನ ಆ ಮರ್ಯಾದೆ ತಡ್ಕೊಳ್ಳೋಕಾಗ್ತಿಲ್ಲ. "ನಿಮ್ಮದೂ ಚೆನ್ನಾಗಿದೆ ಅಣ್ಣಾ" ಅಂತ ಬೇರೆ ಸೇರಿಸ್ದ. ಚೆನ್ನಾಗಿದೆಯಂತೆ! ಅವನು ಅದರ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿಲ್ಲ, ಪಿಕ್‌ಗಾರ್ಡ್ ಮೇಲೆ ಹಾಗೇ ಇದೆ. ತಿರುಗಿ ನೋಡಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದೇ ಅದು, ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿದ್ದ ಆ ಪ್ಲಾಸ್ಟಿಕ್ಕು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಿರಿಯಣ್ಣ ಮಾತ್ರ ನಗದೆ ನನ್ನ ಭುಜ ತಟ್ಟಿ "ಟೋನ್ ಬೆರಳಲ್ಲಿರುತ್ತೆ ಮಗಾ" ಅಂದ್ರು. ಇದನ್ನ ಹೇಳೋಕೇ ಅಲ್ವಾ ಇಷ್ಟೆಲ್ಲ ಏರ್ಪಾಡು?

ಈಗ ನನ್ನ ಪ್ರಶ್ನೆಗೆ ಯಾರಾದ್ರೂ ಉತ್ತರ ಕೊಡಿ. ಯಾರಾದ್ರೂ ಸರಿ.

ಅದನ್ನ ಪರೀಕ್ಷೆ ಅಂತೀರಾ? ಅವನ ಗಿಟಾರಿನ ಪಿಕಪ್‌ನಲ್ಲಿ ಉಕ್ಕಿನ ಕಡ್ಡಿ, ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ. ಅದರ ಔಟ್‌ಪುಟ್ಟೇ ಜೋರು. ಅದರ ಮೇಲೆ ಪಿಕಪ್‌ಗಳನ್ನ ತಂತಿಗೆ ತಾಗೋ ಹಾಗೆ ಎತ್ತಿ ಕೂರಿಸಿದ್ದಾನೆ. ತಂತಿಗೂ ಪಿಕಪ್‌ಗೂ ನಡುವೆ ಅರ್ಧ ಮಿಲಿಮೀಟರ್ ಕಮ್ಮಿಯಾದ್ರೆ ಸದ್ದು ಕಿವಿಗೆ ಹೊಡೆಯೋಷ್ಟು ಬದಲಾಗುತ್ತೆ. ನಾನು ಎರಡು ಮಿಲಿಮೀಟರ್ ಆಸುಪಾಸು ಬಿಟ್ಟಿದ್ದೀನಿ, ಯಾಕಂದ್ರೆ ಆಲ್ನಿಕೊ ಕಡ್ಡಿ ತಂತಿಯನ್ನ ಎಳೆಯುತ್ತೆ. ತೀರಾ ಹತ್ತಿರ ತಂದ್ರೆ ದಪ್ಪ ತಂತಿ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿಗೇ ನಿಲ್ಲಲ್ಲ, ಓಲಾಡುತ್ತೆ. ಶಿಸ್ತಿಗೆ ಇದು ಬಹುಮಾನ ನೋಡಿ. ಎರಡು ಗಿಟಾರಿನ ವಾಲ್ಯೂಮ್ ಸಮ ಮಾಡಿದ್ರಾ? ಇಲ್ಲ. ಒಂದೆರಡು ಡೆಸಿಬೆಲ್ ಹೆಚ್ಚಿದ್ರೆ ಸಾಕು, ಎಂಥ ಕಿವಿಯೇ ಆಗಲಿ, ಇದೇ ಚೆನ್ನಾಗಿದೆ ಅನ್ಸುತ್ತೆ. ತುಂಬಿಕೊಂಡಂಗೆ, ಹತ್ತಿರ ಬಂದಂಗೆ ಅನ್ಸುತ್ತೆ. ಎರಡು ಸ್ಪೀಕರ್ ಹೋಲಿಸೋರು ಮೊದಲು ಮಾಡೋ ಕೆಲಸವೇ ಸದ್ದಿನ ಮಟ್ಟ ಸಮ ಮಾಡೋದು. ಇಲ್ಲಿ ಅದೂ ಇಲ್ಲ.

ತಂತಿ? ಅವನದು ಹೊಚ್ಚ ಹೊಸದು. ನನ್ನದು ಬೆವರು ಕುಡಿದು ಕಪ್ಪಾಗಿದ್ದವು, ಬದಲಾಯಿಸ್ಬೇಕು ಬದಲಾಯಿಸ್ಬೇಕು ಅಂತಿದ್ದೆ. ಹಳೇ ತಂತಿಯ ಟ್ರೆಬಲ್ ಸಾಯುತ್ತೆ. ಯಾವ ಪಿಕಪ್ಪೂ ಅದನ್ನ ಬದುಕಿಸಲ್ಲ.

ಕೇಬಲ್ ಕಥೆ ಕೇಳ್ಬೇಡಿ. ನನ್ನದಕ್ಕೆ ಆ ಸುರುಳಿ ಸುರುಳಿ ಉದ್ದದ ಕೇಬಲ್, ಅವನದಕ್ಕೆ ಮೊಳದುದ್ದದ್ದು. ಕೇಬಲ್ಲಿಗೂ ಕೆಪಾಸಿಟೆನ್ಸ್ ಇರುತ್ತೆ, ಮೀಟರಿಗೆ ನೂರು ಪಿಕೊಫ್ಯಾರಡ್ ಲೆಕ್ಕ ಹಾಕಿದ್ರೂ ಆರು ಮೀಟರಿಗೆ ಆರುನೂರಾಯ್ತು. ಪಿಕಪ್‌ನ ಕಾಯಿಲೂ ಆ ಕೆಪಾಸಿಟೆನ್ಸೂ ಸೇರಿಯೇ ರೆಸೊನೆನ್ಸ್, ಅಂದ್ರೆ ಸದ್ದು ಎದ್ದು ಕೇಳೋ ಜಾಗ, ಎಲ್ಲಿ ಕೂರಬೇಕು ಅಂತ ನಿರ್ಧಾರ ಆಗೋದು. ಸಾಮಾನ್ಯವಾಗಿ ಎರಡರಿಂದ ಐದು ಕಿಲೋಹರ್ಟ್ಜ್ ಒಳಗೆ, ಕಿವಿ ಅತಿ ಸೂಕ್ಷ್ಮವಾಗಿರೋ ಜಾಗದಲ್ಲೇ. ಕೇಬಲ್ ಉದ್ದ ಆದಷ್ಟೂ ಅದು ಕೆಳಗಿಳಿಯುತ್ತೆ, ಗಿಟಾರ್ ಮಂಕಾಗುತ್ತೆ. ಇವರು ಹೋಲಿಸಿದ್ದು ಗಿಟಾರುಗಳನ್ನಲ್ಲ, ಕೇಬಲ್, ತಂತಿ, ಸ್ಕ್ರೂ ಎತ್ತರ ಎಲ್ಲದರ ಕಲಸುಮೇಲೋಗರವನ್ನ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ ಕೇಳ್ಬೇಕು ಅನ್ನೋದು ಯಾರಿಗೂ ಗೊತ್ತಿಲ್ವಾ?

(ನಾನು ಪಿಕಪ್, ಪಾಟ್, ಬ್ಲಾಕ್, ನಟ್ ಎಲ್ಲ ಒಟ್ಟಿಗೇ ಬದಲಾಯಿಸಿ, ಹೊಸ ತಂತಿ ಹಾಕಿ, ಆಹಾ ಎಂಥಾ ವ್ಯತ್ಯಾಸ ಅಂದಿದ್ದೆ ಅಂತ ಬೇಸಿಸ್ಟ್ ಮೆಸೇಜ್ ಹಾಕಿದ್ದಾನೆ. ಅದು ಬೇರೆ ವಿಷಯ. ಗಿಟಾರ್ ಬಿಚ್ಚಿದ ಮೇಲೆ ಎಲ್ಲ ಒಟ್ಟಿಗೇ ಮಾಡ್ತಾರೆ.)

ನಗಿ, ನಗಿ. ಇನ್ನೂ ನಗು ಬರೋ ವಿಷಯ ಬೇಕಾ? ಟ್ರೆಬಲ್ ಇಳಿಸೋ ಟೋನ್ ನಾಬಿಗೆ ಅಂತ ಆಯಿಲ್‌ನಲ್ಲಿ ಅದ್ದಿದ ಪೇಪರ್ ಕೆಪಾಸಿಟರ್ ತರಿಸಿದ್ದೀನಿ. ಹಳೇ ಕಾಲದ ಥರದ್ದು, ಕಿರುಬೆರಳಿನಷ್ಟು ದಪ್ಪ, ಒಳಗೆ ಜಾಗ ಸಾಲದೆ ಓರೆಯಾಗಿ ತುರುಕಿದ್ದೀನಿ. ರಾತ್ರಿ ಎಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕ್ಕೊಂಡು ಟೋನ್ ನಾಬ್ ಪೂರ್ತಿ ಹತ್ತಕ್ಕಿಟ್ಟು, ಕಣ್ಣು ಮುಚ್ಚಿ, "ಹಾಂ, ಈಗ ಬೆಚ್ಚಗಿದೆ" ಅಂತ ತಲೆ ಆಡಿಸಿದ ಮಹಾನುಭಾವ ನಾನು. ನಾಬ್ ಹತ್ತರಲ್ಲಿದ್ದಾಗ ಕೆಪಾಸಿಟರ್‌ಗೂ ಸಿಗ್ನಲ್‌ಗೂ ನಡುವೆ ಇಡೀ ಟೋನ್ ಪಾಟ್ ಅಡ್ಡ ನಿಂತಿರುತ್ತೆ, ಅದು ಕಾಗದವೋ ಸೆರಾಮಿಕ್ಕೋ ಅಂತ ಕೇಳಿಸೋ ಮಾತೇ ಇಲ್ಲ. ನಾಬ್ ಇಳಿಸಿದಾಗಲೂ 0.022 ಮೈಕ್ರೊಫ್ಯಾರಡ್ಡೋ 0.047ಓ ಅನ್ನೋ ಬೆಲೆ ಮುಖ್ಯ, ಜಾತಿ ಅಲ್ಲ. ಗೊತ್ತು ನನಗೆ! ಆಗಲೂ ಗೊತ್ತಿತ್ತು! ಆದ್ರೂ ಬೆಚ್ಚಗಿತ್ತು, ಏನ್ಮಾಡ್ಲಿ?

ಮೂಳೆ ನಟ್ ಅಂತ ಪಾಠ ಮಾಡಿದೆನಲ್ಲ, ಅದು ಓಪನ್ ತಂತಿಗೆ ಮಾತ್ರ. ಫ್ರೆಟ್ ಒತ್ತಿದ ಕ್ಷಣದಿಂದ ನಟ್ ಆಟದಿಂದ ಹೊರಗೆ. ಇದನ್ನ ಅಲ್ಲೇ ಯಾರೋ ಹಿಂದಿನಿಂದ ಅಂದ್ರು, ದೊಡ್ಡ ಪತ್ತೆದಾರಿ ಥರ. ಅಯ್ಯಾ, ಅದಕ್ಕೇ ತಾನೇ ನಾನು "ಓಪನ್ ತಂತಿ" ಅಂತ ಬಿಡಿಸಿ ಹೇಳಿದ್ದು?

ಬಿಡಿ. ನಿಜ ಹೇಳ್ಬೇಕಂದ್ರೆ ಇದ್ಯಾವುದೂ ಯಾರಿಗೂ ಕೇಳಿಸಲ್ಲ. ಡ್ರಮ್ಸು, ಬೇಸು, ಹಾಡೋರು ಎಲ್ಲ ಸೇರಿದ ಮೇಲೆ ಗಿಟಾರಿಗೆ ಉಳಿಯೋದು ನಡುವಿನ ಒಂದಿಷ್ಟು ಜಾಗ. ಗಿಟಾರ್ ಸ್ಪೀಕರ್ ಐದು ಕಿಲೋಹರ್ಟ್ಜ್ ದಾಟಿದ ಮೇಲೆ ಕೈಬಿಡುತ್ತೆ. ಅದರ ಮುಂದಿಟ್ಟ ಮೈಕನ್ನ ನಡುವಿನಿಂದ ಒಂದೆರಡು ಇಂಚು ಅಂಚಿಗೆ ಸರಿಸಿದ್ರೆ ಬರೋ ವ್ಯತ್ಯಾಸದ ಮುಂದೆ ನನ್ನ ಉಕ್ಕಿನ ಬ್ಲಾಕ್ ಯಾವ ಲೆಕ್ಕ? ಎಲ್ಲ ವ್ಯರ್ಥ. ನಾಳೆ ಹಳೇ ಪಿಕಪ್ಪೇ ವಾಪಸ್ ಹಾಕ್ತೀನಿ, ಸುಮ್ಮನೆ ನುಡಿಸ್ಕೊಂಡಿರ್ತೀನಿ.

ಯಾಕೆ ಹಾಕ್ಲಿ? ಹಾಕಲ್ಲ. ಹಳೇದು ಕಿರುಚುತಿತ್ತು. ವಾಲ್ಯೂಮ್ ಏಳಕ್ಕಿಳಿಸಿದ್ರೆ ಕಂಬಳಿ ಹೊದ್ದಂಗೆ ಆಗ್ತಿತ್ತು, ಈಗ ಆಗಲ್ಲ. ಸಣ್ಣಗೆ ಮೀಟಿದ್ರೆ ಸಣ್ಣಗೆ, ಜೋರಾಗಿ ಮೀಟಿದ್ರೆ ಜೋರಾಗಿ. ಇದು ಗೋಡೆ ಕಡೆ ಮುಖ ಮಾಡಿ ನಿಂತವನಿಗೆ ಕೇಳಿಸೋದಲ್ಲ, ನುಡಿಸೋನ ಕೈಗೆ ಗೊತ್ತಾಗೋದು. ಕೈಗೆ ಅಂದೆ, ಬೆರಳಿಗೆ ಅನ್ನಲಿಲ್ಲ. ಹಿರಿಯಣ್ಣ ಇದನ್ನ ಓದಿ "ನೋಡಿದ್ಯಾ, ಕೊನೆಗೂ ಒಪ್ಕೊಂಡೆ" ಅಂತ ಬರೀಬೇಡಿ ದಯವಿಟ್ಟು.

ನೀವೇ ಹೇಳ್ತಿರ್ತೀರಲ್ಲ, ಐವತ್ತರ ದಶಕದ ಹಂಬಕರ್‌ಗಳ ಬಗ್ಗೆ, ಅದೇ ಎರಡು ಕಾಯಿಲ್ ಸೇರಿಸಿ ಗುಂಯ್ ಅಡಗಿಸೋ ಪಿಕಪ್, ಕಣ್ಣು ಮೇಲೆ ಮಾಡ್ಕೊಂಡು. ಅದನ್ನ ರೂಪಿಸಿದ ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು, ಪೇಟೆಂಟ್ ಸಿಕ್ಕಿದ್ದು 1959ರಲ್ಲಿ, ತಳಕ್ಕೆ "ಅರ್ಜಿ ಸಲ್ಲಿಸಲಾಗಿದೆ" ಅಂತ ಚೀಟಿ ಅಂಟಿಸಿದ್ರು, ಆ ಚೀಟಿಯ ಹೆಸರಲ್ಲೇ ಇವತ್ತಿಗೂ ಪೂಜೆ. ಅವು ಒಂದು ಇನ್ನೊಂದರ ಥರ ಇರಲಿಲ್ಲ, ಒಂದಕ್ಕೆ ಸುತ್ತು ಹೆಚ್ಚು, ಒಂದಕ್ಕೆ ಕಮ್ಮಿ, ಅಯಸ್ಕಾಂತವೂ ಬೇರೆ ಬೇರೆ. ಆದ್ರೂ ನಿಮಗೆ "ಆ ಟೋನ್" ಅಂದ್ರೆ ಒಂದೇ. ಆಗ ಬೆರಳು ಎಲ್ಲಿಗೆ ಹೋಗಿತ್ತು ಸ್ವಾಮಿ? ಮತ್ತೆ ಪಿಕಪ್ ಎಷ್ಟು ಕಿಲೋಓಮ್ ಅಂತ ಕೇಳಿ "ಓಹೋ, ಹಾಟ್ ಇದೆ", ಅಂದ್ರೆ ಔಟ್‌ಪುಟ್ ಜೋರು, ಅನ್ನೋರೂ ನೀವೇ. ವೈರ್ ತೆಳು ಮಾಡಿದ್ರೂ ಓಮ್ ಏರುತ್ತೆ. ಸದ್ದು ಏರ್ಬೇಕು ಅಂತೇನಿಲ್ಲ. ಇದನ್ನ ಅವತ್ತು ಹೇಳಿದ್ದಕ್ಕೇ ಅಲ್ವಾ ನಿಮಗೆ ನನ್ನ ಮೇಲೆ ಇಷ್ಟು ಸಿಟ್ಟು? ಆ ಗೋಡೆ, ಆ ಎರಡು ಗಿಟಾರು, ಎಲ್ಲ ಅದಕ್ಕೇ ತಾನೇ?

ಗ್ರೂಪ್ ಬಿಡ್ತೀನಿ ಅಂದಿದ್ದೆ, ಬಿಟ್ಟಿಲ್ಲ. ಉತ್ತರ ಬರೋವರೆಗೆ ಬಿಡಲ್ಲ. ಬೇರೇನೂ ಬೇಡ. ಕ್ಷಮೆ ಬೇಡ, ಮತ್ತೆ ಪರೀಕ್ಷೆಯೂ ಬೇಡ. (ಮಾಡೋದಾದ್ರೆ ಬರ್ತೀನಿ. ಎರಡಕ್ಕೂ ಹೊಸ ತಂತಿ, ಒಂದೇ ಕೇಬಲ್, ಗೇಟ್ ಆಫ್, ವಾಲ್ಯೂಮ್ ಮೀಟರ್ ಇಟ್ಟು ಸಮ ಮಾಡಿ. ನುಡಿಸೋದು ನೀವಲ್ಲ.) ಆ ಹುಡುಗನ ಗಿಟಾರಿನ ಬ್ರಿಡ್ಜ್ ಪಿಕಪ್ ತಂತಿಯಿಂದ ಎಷ್ಟು ದೂರ ಇತ್ತು, ಕೊನೇ ಫ್ರೆಟ್ ಒತ್ತಿ ಹಿಡಿದು ಅಳೆದಾಗ? ಅಷ್ಟು ಹೇಳಿ. ಅಳೆದಿಲ್ಲ ಅಂತಾದ್ರೆ ಅಳೆದಿಲ್ಲ ಅಂತಲೇ ಬರೀರಿ, ಎಲ್ಲರೂ ಓದಲಿ.