ಎರಡರಲ್ಲಿ ಯಾವುದು ಚೆಂದ ಎಂದು ಕೇಳಬೇಡಿ

ಪರದೇಶದಿಂದ ಮರಳಿದವರ ಬಾಯಿಂದ ಎರಡರಲ್ಲಿ ಒಂದು ಮಾತು ಬರಲೇಬೇಕೆಂದು ನಮ್ಮವರು ಕಾದಿರುತ್ತಾರೆ. ಒಂದೋ, ‘ಅಲ್ಲಿನ ಸ್ವಚ್ಛತೆಯೇನು, ಶಿಸ್ತೇನು, ನಮ್ಮದೂ ಒಂದು ದೇಶವೇ’ ಎನ್ನಬೇಕು. ಇಲ್ಲವೇ, ‘ಏನೇ ಹೇಳಿ, ನಮ್ಮೂರೇ ಸ್ವರ್ಗ’ ಎಂದು ಕಣ್ಣೊರೆಸಿಕೊಳ್ಳಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿರುವ ಮಗಳ ಮನೆಯಲ್ಲಿ ವೀಸಾದ ಅವಧಿಯನ್ನು ಪೂರ್ತಿ ಕಳೆದು ಮೊನ್ನೆ ಕುಮಟಾ ಹತ್ತಿರದ ನಮ್ಮೂರು ಮಿರ್ಜಾನಿಗೆ ಮರಳಿದ ನನ್ನಿಂದ ಎರಡೂ ಸಿಗದೆ ನೆಂಟರಿಗೆ ನಿರಾಸೆಯಾಗಿದೆ. ನನಗೆ ಆ ದೇಶ ಹಿಡಿಸಿತು. ಮರಳಿ ಬಂದದ್ದು ಅದಕ್ಕಿಂತ ಹೆಚ್ಚು ಹಿಡಿಸಿತು. ಇದನ್ನು ಹೇಳಲು ಅದನ್ನು ಹಳಿಯಬೇಕೆಂದೇನೂ ಇಲ್ಲವಲ್ಲ.

ಅಲ್ಲಿ ಸುಮಾರು ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. 1932ರಲ್ಲಿ ಕಟ್ಟಿ ಮುಗಿಸಿದ 32 ಕಿಲೋಮೀಟರ್ ಉದ್ದದ ಒಡ್ಡೊಂದು ಸಮುದ್ರವನ್ನು ಹೊರಗೇ ನಿಲ್ಲಿಸಿ, ಒಳಗಿನ ಉಪ್ಪುನೀರನ್ನು ಕಾಲಕ್ರಮೇಣ ಸಿಹಿನೀರಿನ ಸರೋವರವಾಗಿಸಿದೆ. ನೀರಿನ ಮೇಲ್ವಿಚಾರಣೆಗೆಂದೇ ಮಂಡಳಿಗಳಿವೆ; ಅವಕ್ಕೆ ಜನ ಮತ ಹಾಕಿ ಸದಸ್ಯರನ್ನು ಆರಿಸುತ್ತಾರೆ. ಅಳಿಯ ನನ್ನನ್ನು ಆ ಒಡ್ಡಿನ ಮೇಲೆ ನಿಲ್ಲಿಸಿ ಇದನ್ನೆಲ್ಲ ವಿವರಿಸುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಗಜನಿ.

ಘಟ್ಟದ ಮೇಲಿನವರಿಗಾಗಿ ಒಂದು ಮಾತು: ಅಘನಾಶಿನಿ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವಲ್ಲಿ, ಕಟ್ಟೆ ಹಾಕಿ ಮಾಡಿಕೊಂಡ ಗದ್ದೆಗಳೇ ಗಜನಿ. ಕಟ್ಟೆಯಲ್ಲಿ ಅಲ್ಲಲ್ಲಿ ಜಂತ್ರಡಿ ಎಂಬ ಹಲಗೆ ಬಾಗಿಲುಗಳಿರುತ್ತವೆ. ಭರತ ಏರಿದಾಗ ಉಪ್ಪುನೀರು ಒಳಗೆ ಬರದಂತೆ ತಡೆಯುವುದೂ ಇಳಿತದಲ್ಲಿ ಗದ್ದೆಯ ನೀರನ್ನು ಹೊರಬಿಡುವುದೂ ಅವುಗಳ ಕೆಲಸ. ಮಳೆಗೆ ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಕಗ್ಗ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ, ಗೊಬ್ಬರ ಕೇಳದ ಭತ್ತ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಮೀನು, ಶೆಟ್ಲಿ ಎಂದರೆ ಸಿಗಡಿ. ಅಣೆಕಟ್ಟಿನ ಕಾಟವಿಲ್ಲದೆ ಶಿರಸಿಯ ಕಡೆಯಿಂದ ಹರಿದುಬರುವ ಹೊಳೆಯ ಈ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳಲ್ಲೊಂದು, ಎಂಬ ಮನ್ನಣೆಯೂ ಸಿಕ್ಕಿತು. ಇದನ್ನೆಲ್ಲ ಅಳಿಯನಿಗೆ ಹೆಮ್ಮೆಯಿಂದಲೇ ಹೇಳಿದೆ. ಎಷ್ಟೋ ಕಡೆ ಕಟ್ಟೆ ಒಡೆದು ಗದ್ದೆ ಪಾಳು ಬಿದ್ದಿದೆ ಎಂಬುದನ್ನು ಮಾತ್ರ ಆ ದಿನ ಬಿಟ್ಟೆ. ಬೀಗರ ಕಡೆಯವರೂ ಜೊತೆಗಿದ್ದರು.

ಊಟದ ತಕರಾರೂ ನನಗಿರಲಿಲ್ಲ. ಅಲ್ಲಿಯವರು ಉಪ್ಪು ಹಾಕಿ ಹದ ಮಾಡಿದ ಹೆರಿಂಗ್ ಮೀನನ್ನು ಬೇಯಿಸದೆ, ಹೆಚ್ಚಿದ ಈರುಳ್ಳಿಯ ಜೊತೆ ತಿನ್ನುತ್ತಾರೆ. ನಮ್ಮ ತಾರ್ಲೆಯ ದೂರದ ಸಂಬಂಧಿ ಅದು. ಮಗಳು ಮೂಗು ಮುಚ್ಚಿಕೊಂಡಳು, ನಾನು ಇನ್ನೊಂದು ಕೇಳಿ ತಿಂದೆ.

ಹಾಗಾದರೆ ಕೊರತೆ ಯಾವುದು? ಪ್ರತಿಯೊಂದನ್ನೂ ಕೇಳಿ ತಿಳಿಯಬೇಕಿತ್ತು. ಮಳೆ ಯಾವ ಗಳಿಗೆಗೆ ಬರುತ್ತದೆ, ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬುದನ್ನು ಮಗಳ ಮೊಬೈಲ್ ಹೇಳುತ್ತಿತ್ತು. ಆಕಾಶ ನೋಡಿ ನಾನು ಹೇಳಿದ್ದು ಸುಳ್ಳಾಗುತ್ತಿತ್ತು. ಯಾವ ಕಸ ಯಾವ ಡಬ್ಬಕ್ಕೆ, ಎದುರು ಮನೆಯವರಿಗೆ ನಕ್ಕರೆ ಸಾಕೋ ಮಾತನಾಡಿಸಬೇಕೋ, ಎಲ್ಲಕ್ಕೂ ಮೊಮ್ಮಗಳನ್ನು ಕೇಳಬೇಕು. ಜೀವಮಾನವಿಡೀ ಮಕ್ಕಳಿಗೆ ಪಾಠ ಹೇಳಿದವಳಿಗೆ ಇದು ಒಂದು ಬಗೆಯಲ್ಲಿ ತಮಾಷೆಯೇ. ಆದರೆ ಬುದ್ಧಿಗೆ ಬಿಡುವೇ ಇರುವುದಿಲ್ಲ, ದಣಿವಾಗುತ್ತದೆ. ದಣಿವು ಎಷ್ಟಿತ್ತೆಂದು ತಿಳಿದದ್ದು ವಾಪಸು ಬರುವಾಗಲೇ.

ಮುಂಬಯಿಯಿಂದ ಮತ್ಸ್ಯಗಂಧ ರೈಲು ಹತ್ತಿದ್ದೆ. ಬೆಳಗಿನ ಜಾವ, ಹೊರಗೆ ಕತ್ತಲು. ಸೇತುವೆಯ ಮೇಲೆ ರೈಲಿನ ಸದ್ದು ಬದಲಾಯಿತು: ಕಾಳಿ. ಇನ್ನೇನು ಕಾರವಾರ. ಮತ್ತೆ ಕಣ್ಣು ಮುಚ್ಚಿದೆ. ಅಂಕೋಲೆ ದಾಟಿದ ಮೇಲೆ ಗಂಗಾವಳಿ. ಅಘನಾಶಿನಿ ಬರುವ ಹೊತ್ತಿಗೆ ಎದ್ದು ಚೀಲ ಬಾಗಿಲ ಬಳಿ ಇಟ್ಟಾಗಿತ್ತು. ಎದುರು ಸೀಟಿನ ಹುಡುಗ ಮೊಬೈಲಿನಲ್ಲಿ ನಕ್ಷೆ ಹಿಡಿದು, ‘ಅಜ್ಜಿ, ಕುಮಟಾ ಇನ್ನೂ ದೂರವೇ?’ ಎಂದು ಕೇಳಿದ. ಹತ್ತು ನಿಮಿಷ ಎಂದೆ. ನನ್ನನ್ನು ಯಾರಾದರೂ ದಾರಿ ಕೇಳಿ ಎಷ್ಟು ಕಾಲವಾಗಿತ್ತು! ಮರಳುವುದರ ಸುಖ ಯಾವುದೆಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ಅದು ಗುಡ್ಡ, ಕಡಲು, ಹಸಿರಿನದಲ್ಲ. ಹಸಿರು ಅಲ್ಲಿಯೂ ಬೇಕಾದಷ್ಟಿದೆ.

ಮನೆಯಲ್ಲಿ ಬೂಷ್ಟಿನ ವಾಸನೆ. ಕಿಟಕಿ ತೆರೆಯುತ್ತಿದ್ದಂತೆ ಮೀನಿನವಳ ಕೂಗು. ‘ಅಕ್ಕೋರೇ, ಬೆಳ್ಳಗಾಗಿ ಬರುತ್ತೀರಿ ಅಂದುಕೊಂಡಿದ್ದೆ, ಸೊರಗಿ ಬಂದಿದ್ದೀರಲ್ಲ!’ ಎಂದಳು. ಅನುಕಂಪವೇನೋ ಉಕ್ಕಿತು, ಬಂಗಡೆಯ ದರ ಮಾತ್ರ ಒಂದು ರೂಪಾಯಿಯೂ ಇಳಿಯಲಿಲ್ಲ. ಅವಳು ಎಲ್ಲಿಗೆ ನಿಲ್ಲುತ್ತಾಳೆ ಎಂದು ನನಗೆ ಗೊತ್ತು, ನಾನು ಎಲ್ಲಿಗೆ ಸೋಲುತ್ತೇನೆ ಎಂದು ಅವಳಿಗೆ ಗೊತ್ತು. ಜುಮ್ಮನಕಾಯಿ ಜಜ್ಜಿ ಹಾಕಿ ಸಾರು ಮಾಡಿ, ಕಗ್ಗದ ಗಂಜಿಯ ಜೊತೆ ಉಂಡು ಮಲಗಿದವಳು ಸಂಜೆಗೇ ಎದ್ದದ್ದು. ಹೋಗುವಾಗ ಗೇಣುದ್ದ ಇದ್ದ ಕಗ್ಗ ಈಗ ತೆನೆ ಬಿಟ್ಟು ಬಾಗಿದೆ.

ಎಲ್ಲವೂ ತಿಳಿದಿದೆ ಎಂದು ಬೀಗುವಂತೆಯೂ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನ, ವಾಹನಗಳನ್ನೆಲ್ಲ ಗಂಗಾವಳಿಗೆ ನೂಕಿತಲ್ಲ, ಅದರ ಪಕ್ಕದಲ್ಲೇ ನಿತ್ಯ ಓಡಾಡಿದವರಿಗೂ ಸುಳಿವಿರಲಿಲ್ಲ. ಅಂದಿನಿಂದ ರಾತ್ರಿಯ ಜೋರು ಮಳೆಯನ್ನು ನಾನು ಬೇರೆಯೇ ಕಿವಿಯಿಂದ ಕೇಳುತ್ತೇನೆ. ಈ ಹೆದರಿಕೆಯೂ ಇಲ್ಲಿಯದೇ. ಮಗಳ ಮನೆಯ ಮಳೆಗೆ ನಾನು ಒಮ್ಮೆಯೂ ಹೆದರಿರಲಿಲ್ಲ.

ಈ ಭಾನುವಾರ ಗಜನಿಯವರು ಸೇರುತ್ತಾರೆ. ನಮ್ಮ ಕಡೆಯ ಜಂತ್ರಡಿಯ ಹಲಗೆ ಕುಂಬಾಗಿ ಭರತದ ನೀರು ಒಳಗೆ ಜಿನುಗುತ್ತಿದೆ. ಅದನ್ನು ಬದಲಾಯಿಸಲು ಹಣ ಯಾರು ಹಾಕಬೇಕು ಎಂಬ ಜಗಳ ನಾನು ಹೋಗುವ ಮೊದಲೇ ಇತ್ತು, ಬರುವವರೆಗೂ ಜೋಪಾನವಾಗಿದೆ. ಆ ನೀರಿನ ಮಂಡಳಿಗಳ ಸಂಗತಿ ಅಲ್ಲಿ ಎತ್ತಬೇಕೆಂದಿದ್ದೇನೆ. ‘ಅಕ್ಕೋರು ಪರದೇಶ ನೋಡಿ ಬಂದರು, ಇನ್ನು ನಮಗೆ ಪಾಠ’ ಎಂದು ಮೊದಲು ನಗುವವನು ಯಾರು ಎಂಬುದೂ ಗೊತ್ತಿದೆ. ನನ್ನ ತರಗತಿಯಲ್ಲೇ ಕಲಿತವನು, ಹದಿಮೂರರ ಮಗ್ಗಿ ಇನ್ನೂ ಒಪ್ಪಿಸಿಲ್ಲ.